ಎಷ್ಟು ಕೆವಿಎ ಎಂದು ಕೇಳುವ ಮೊದಲು: ಮಳೆಗಾಲ, ಕರೆಂಟು ಮತ್ತು ಮನೆಯ ಜನರೇಟರ್

ಪ್ರಶ್ನೆ: ನಾವು ಹಾವೇರಿ ಕಡೆಯವರು. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಗೋವಾದ ಮಾಪ್ಸಾ ಹತ್ತಿರದ ಹಳ್ಳಿಯೊಂದರಲ್ಲಿ ಮನೆ ಕಟ್ಟಿಕೊಂಡು ಇದ್ದೇವೆ. ಮಳೆ ಹಿಡಿದರೆ ಕರೆಂಟಿನ ಗೋಳು ಶುರು. ಕಳೆದ ಜೂನ್‌ನಲ್ಲಿ ಒಮ್ಮೆ ರಾತ್ರಿ ಹೋದದ್ದು ಮರುದಿನ ಮಧ್ಯಾಹ್ನ ಬಂತು. ಮೊದಲಾದರೆ ಮೇಣದಬತ್ತಿ ಹಚ್ಚಿ ಕೂರುತ್ತಿದ್ದೆವು. ಈಗ ಎಂಬತ್ತೆರಡು ವರ್ಷದ ನಮ್ಮವ್ವ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರದ (ಆಕ್ಸಿಜನ್ ಕಾನ್ಸನ್‌ಟ್ರೇಟರ್) ಮೇಲಿದ್ದಾಳೆ. ನಿಮಿಷಕ್ಕೆ ಐದು ಲೀಟರಿನ ಯಂತ್ರ, ಡಾಕ್ಟರು ಎರಡು ಲೀಟರಿಗೆ ಇಡಲು ಹೇಳಿದ್ದಾರೆ. ಮನೆಗೆ ಮೂರು ಫೇಸ್ ಕನೆಕ್ಷನ್ ಇದೆ. ಬಾವಿಗೆ ಒಂದು ಎಚ್‌ಪಿ ಪಂಪು, ಫ್ರಿಜ್, ಒಂದೂವರೆ ಟನ್ನಿನ ಎರಡು ಇನ್ವರ್ಟರ್ ಏಸಿ, ಗೀಸರ್ ಇವೆ. ಪಕ್ಕದ ಮನೆಯವರು “10 ಕೆವಿಎ ಡೀಸೆಲ್ ತಗೊಂಡುಬಿಡಿ, ತಲೆನೋವೇ ಇಲ್ಲ” ಅನ್ನುತ್ತಾರೆ. ಅಂಗಡಿಯವರು “ಸೈಲೆಂಟ್ ಸೆಟ್, ಹಿಂದಿನ ಮುಚ್ಚಿದ ವರಾಂಡಾದಲ್ಲೇ ಇಡಬಹುದು” ಅಂದರು. ಎಲೆಕ್ಟ್ರಿಷಿಯನ್ “ಚೇಂಜ್‌ಓವರ್ ಯಾಕೆ ಸರ್, ಎರಡೂ ತುದಿಗೆ ಪ್ಲಗ್ ಇರೋ ವೈರ್ ಮಾಡಿಕೊಡ್ತೀನಿ, ಏಸಿ ಸಾಕೆಟ್ಟಿಗೆ ಹಾಕಿದರೆ ಮನೆಯೆಲ್ಲ ಲೈಟು” ಎನ್ನುತ್ತಾನೆ. ಬೆಂಗಳೂರಿನ ಮಗ “ಸಬ್ಸಿಡಿ ಇದೆ, ಸೋಲಾರ್ ಹಾಕ್ಸಿ ಅಪ್ಪಾ” ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ನಾಲ್ವರಲ್ಲಿ ಎಲೆಕ್ಟ್ರಿಷಿಯನ್ ಮತ್ತು ಅಂಗಡಿಯವರ ಮಾತನ್ನಂತೂ ಖಂಡಿತ ಕೇಳಬೇಡಿ. ಉಳಿದ ಇಬ್ಬರದು ಅರ್ಧ ಸರಿ, ಅರ್ಧ ತಪ್ಪು. ಒಂದೊಂದಾಗಿ ನೋಡೋಣ.

ಗೋವಾದಲ್ಲಿ ಜನರೇಟರ್ ಕೂರಿಸುವ ಕೆಲಸಕ್ಕೆ ಕರೆ ಬಂದಾಗ ಎಲ್ಲರದೂ ಮೊದಲ ಪ್ರಶ್ನೆ ಒಂದೇ: ಎಷ್ಟು ಕೆವಿಎ, ಅಂದರೆ ಸೆಟ್ಟಿನ ತಾಕತ್ತು ಎಷ್ಟಿರಬೇಕು? ನಾನು ತಿರುಗಿ ಕೇಳುವುದು, ನಿಮ್ಮ ಮನೆಯಲ್ಲಿ ಒಂದು ನಿಮಿಷವೂ ನಿಲ್ಲಬಾರದ್ದು ಯಾವುದು, ಒಂದು ಗಂಟೆ ನಿಂತರೆ ನಡೆಯುವುದು ಯಾವುದು, ಇಡೀ ದಿನ ಇಲ್ಲದಿದ್ದರೂ ಪರವಾಗಿಲ್ಲ ಅನ್ನುವುದು ಯಾವುದು? ನಿಮ್ಮ ಮನೆಯಲ್ಲಿ ಮೊದಲನೆಯದು ಅವ್ವನ ಯಂತ್ರ ಒಂದೇ. ಎರಡನೆಯದು ಫ್ಯಾನು, ದೀಪ, ಫ್ರಿಜ್, ನೀರು. ಏಸಿ ಮತ್ತು ಗೀಸರ್ ಮೂರನೆಯದು. ಇವನ್ನೆಲ್ಲ ಒಂದೇ ಎಂಜಿನ್ನಿನ ತಲೆಗೆ ಕಟ್ಟಲು ಹೋದಾಗಲೇ ದುಡ್ಡೂ ಹೋಗುತ್ತದೆ, ರಾತ್ರಿ ಎರಡು ಗಂಟೆಗೆ ಎಂಜಿನ್ ಕೈಯನ್ನೂ ಕೊಡುತ್ತದೆ.

ಮೊದಲು ಆ ಎರಡು ಪ್ಲಗ್ಗಿನ ವೈರಿನ ವಿಷಯ. ಏಸಿ ಸಾಕೆಟ್ಟಿನ ಮೂಲಕ ಮನೆಯೊಳಗೆ ಬಿಟ್ಟ ಕರೆಂಟು ಮನೆಯಲ್ಲೇ ಉಳಿಯುವುದಿಲ್ಲ. ಮೇನ್ ಸ್ವಿಚ್ ಆನ್ ಇದ್ದರೆ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ. ಆ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ನಮಗೆ 230 ಕೊಡುತ್ತದೆ. ಅದೇ ಯಂತ್ರಕ್ಕೆ ಹಿಂದಿನಿಂದ 230 ಕೊಟ್ಟರೆ ಆಚೆ ಕಡೆ 11,000 ಎದ್ದು ನಿಲ್ಲುತ್ತದೆ. ತೆಂಗಿನ ಮರ ಬಿದ್ದು ಹರಿದ ತಂತಿಯನ್ನು ಮಳೆಯಲ್ಲಿ ನಿಂತು ಜೋಡಿಸುತ್ತಿರುವ ಲೈನ್‌ಮ್ಯಾನ್, ಸಪ್ಲೈ ಕಡಿದಿದೆ ಎಂಬ ನಂಬಿಕೆಯ ಮೇಲೆ ಕೈ ಹಾಕಿರುತ್ತಾನೆ. “ಮೇನ್ ಆಫ್ ಮಾಡಿಯೇ ಹಾಕ್ತೀವಲ್ಲ” ಎಂದು ಎಲ್ಲರೂ ಹೇಳುತ್ತಾರೆ. ಆದರೆ ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಅವ್ವನ ಉಸಿರಾಟದ ಚಿಂತೆಯಲ್ಲಿ, ಸುರಿಯುವ ಮಳೆಯಲ್ಲಿ ಆ ವೈರ್ ಹಾಕುವಾಗ ಪ್ರತಿ ಸಲವೂ ಮೇನ್ ನೆನಪಾಗುತ್ತದೆ ಎಂಬ ಖಾತ್ರಿ ಯಾರು ಕೊಡುತ್ತಾರೆ? ಅದೂ ಅಲ್ಲದೆ ಒಂದು ತುದಿ ಜನರೇಟರಿನಲ್ಲಿದ್ದಾಗ ಇನ್ನೊಂದು ತುದಿಯ ಪಿನ್ನುಗಳು ಬತ್ತಲೆ, ಮುಟ್ಟಿದರೆ ಶಾಕ್. ಜನರೇಟರ್ ಓಡುತ್ತಿರುವಾಗ ವಿದ್ಯುತ್ ಇಲಾಖೆಯ ಕರೆಂಟು ವಾಪಸ್ ಬಂದರೆ ಎರಡೂ ಡಿಕ್ಕಿ ಹೊಡೆದು ಜನರೇಟರಿನ ವೈಂಡಿಂಗ್ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಇದನ್ನು ತಪ್ಪಿಸುವ ಚೇಂಜ್‌ಓವರ್ ಸ್ವಿಚ್ಚಿಗೆ ಆಗುವುದು ಕೆಲವು ಸಾವಿರ ಅಷ್ಟೇ. ನಡುವೆ ಆಫ್ ಇರುವ, ಒಂದು ಕಡೆ ಇಲಾಖೆ, ಇನ್ನೊಂದು ಕಡೆ ಜನರೇಟರ್, ಎರಡೂ ಒಟ್ಟಿಗೆ ಸೇರಲು ಬರುವುದೇ ಇಲ್ಲ ಎಂಬಂಥ ಸ್ವಿಚ್. ಅದು ಫೇಸ್ ಜೊತೆ ನ್ಯೂಟ್ರಲ್ಲನ್ನೂ ಬದಲಿಸಬೇಕು. ಫೇಸ್ ಮಾತ್ರ ಬದಲಿಸುವ ಅಗ್ಗದ ಜೋಡಣೆ ಒಪ್ಪಬೇಡಿ.

ಅಂಗಡಿಯವರ “ಸೈಲೆಂಟ್” ಮಾತೂ ಅಷ್ಟೇ ಅಪಾಯದ್ದು. ಡಬ್ಬಿಯ ಒಳಗಿನ ಸ್ಪಂಜು ಸದ್ದನ್ನು ತಡೆಯುತ್ತದೆ, ಹೊಗೆಯನ್ನಲ್ಲ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬರುವ ಹೊತ್ತಿಗೆ ಎದ್ದು ಹೊರಗೆ ಹೋಗುವ ಬುದ್ಧಿಯೂ ಶಕ್ತಿಯೂ ಉಳಿದಿರುವುದಿಲ್ಲ. ಪೆಟ್ರೋಲ್ ಸೆಟ್ಟುಗಳಲ್ಲಿ ಇದು ಡೀಸೆಲ್‌ಗಿಂತ ಜಾಸ್ತಿ. ಮುಚ್ಚಿದ ವರಾಂಡಾ, ಗ್ರಿಲ್ ಹಾಕಿದ ಬಾಲ್ಕನಿ, ಶಟರ್ ಅರ್ಧ ತೆಗೆದ ಗ್ಯಾರೇಜು ಯಾವುದೂ ಆಗದು. ಮನೆಯ ಬಾಗಿಲು ಕಿಟಕಿಗಳಿಂದ ಕನಿಷ್ಠ 20 ಅಡಿ ದೂರ, ಹೊಗೆಯ ಬಾಯಿ ಮನೆಗೆ ಬೆನ್ನು ಮಾಡಿರಬೇಕು. ಶ್ವಾಸಕೋಶ ಸೋತ ಅವ್ವ ಮಲಗುವ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ನೋಡಿ, ಅದರ ವಿರುದ್ಧ ದಿಕ್ಕಿನಲ್ಲೇ ಜಾಗ ಹುಡುಕಿ. ಮಳೆಯಿಂದ ಕಾಯಲು ನಾಲ್ಕು ಕಂಬದ ಮೇಲೆ ತಗಡು ಸಾಕು, ಗೋಡೆ ಬೇಡ. ನೆಲದಿಂದ ಒಂದಡಿ ಎತ್ತರದ ಕಾಂಕ್ರೀಟ್ ಕಟ್ಟೆ ಮಾಡಿಸಿ, ಜುಲೈಯಲ್ಲಿ ಅಂಗಳದಲ್ಲಿ ನೀರು ನಿಲ್ಲುವುದು ನಿಮಗೇ ಗೊತ್ತು. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಹಾಕಿಸಿ.

ಇನ್ನು ಪಕ್ಕದ ಮನೆಯವರ 10 ಕೆವಿಎ. ದೊಡ್ಡದು ತಂದರೆ ಒಳ್ಳೆಯದೇ ಅಲ್ಲವೇ ಎಂಬುದು ಎಲ್ಲರ ನಂಬಿಕೆ. ಇಂಥ ಡೀಸೆಲ್ ಸೆಟ್ಟುಗಳಲ್ಲಿ ಸಾಮಾನ್ಯವಾಗಿ 10 ಕೆವಿಎ ಅಂದರೆ 8 ಕಿಲೋವ್ಯಾಟ್. ಈಗ ನಿಮ್ಮ ರಾತ್ರಿಯ ಲೆಕ್ಕ ಹಾಕಿ. ಅವ್ವನ ಯಂತ್ರ ಸುಮಾರು 350 ವ್ಯಾಟ್, ಫ್ರಿಜ್ ಓಡುವಾಗ 150, ಎರಡು ಫ್ಯಾನು 150, ದೀಪ ಮತ್ತು ವೈಫೈ 50. ಒಟ್ಟು 700 ವ್ಯಾಟ್, ಅಂದರೆ ಎಂಜಿನ್ನಿನ ಶಕ್ತಿಯ ಹತ್ತನೇ ಒಂದು ಪಾಲೂ ಇಲ್ಲ. ಡೀಸೆಲ್ ಎಂಜಿನ್ 30 ಶೇಕಡಾಕ್ಕಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿದರೆ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಎಣ್ಣೆ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ, ಇಂಜೆಕ್ಟರ್ ಮುಚ್ಚಿಕೊಳ್ಳುತ್ತದೆ. ಗ್ಯಾರಂಟಿ ಮುಗಿದ ಮೇಲೆ “ಹೊಗೆ ಜಾಸ್ತಿ ಬರ್ತಿದೆ, ಸ್ಟಾರ್ಟೇ ಆಗ್ತಿಲ್ಲ” ಎಂದು ನಮ್ಮನ್ನು ಕರೆಯುವ ಮನೆಗಳಲ್ಲಿ ಇದೇ ಕತೆ ಜಾಸ್ತಿ. ದೊಡ್ಡ ಸೆಟ್ಟು, ಸಣ್ಣ ಲೋಡು. ಏಸಿ ಎರಡೂ ಹಾಕಿಕೊಂಡೇ ಮಲಗುತ್ತೇವೆ ಅನ್ನುವವರಿಗೆ 10 ಕೆವಿಎ ಸರಿ. ನಿಮಗಲ್ಲ.

ಹಾಗಿದ್ದರೆ ಎಷ್ಟು ಬೇಕು? ಇಲ್ಲಿ ತೀರ್ಮಾನ ಮಾಡುವುದು ಪಂಪು. ಒಂದು ಎಚ್‌ಪಿ ಅಂದರೆ 746 ವ್ಯಾಟ್ ಎಂದು ಶಾಲೆಯಲ್ಲಿ ಓದಿದ್ದೇವೆ, ಆದರೆ ಪಂಪು ಓಡುವಾಗ ಎಳೆಯುವುದು ಸುಮಾರು 1,100 ವ್ಯಾಟ್. ಸ್ಟಾರ್ಟ್ ಆಗುವ ಆ ಒಂದೆರಡು ಕ್ಷಣದಲ್ಲಿ ಅದರ ಕರೆಂಟು ಐದಾರು ಪಟ್ಟು ಏರುತ್ತದೆ. 2 ಕೆವಿಎ ಸೆಟ್ಟು ಆಗ ಗೊಗ್ಗರು ದನಿಯಲ್ಲಿ ಕೆಮ್ಮಿ ನಿಂತುಹೋಗುತ್ತದೆ. ಇನ್ವರ್ಟರ್ ಏಸಿಗಳು ಮೆಲ್ಲಗೆ ಏರುವುದರಿಂದ ಅವುಗಳದ್ದು ಈ ಕಾಟವಿಲ್ಲ. ಫ್ರಿಜ್ಜಿನ ಜಿಗಿತ ಚಿಕ್ಕದು. ಪಂಪನ್ನು ಜನರೇಟರಿಗೆ ಕಟ್ಟಲೇಬೇಕಾದರೆ 5 ಕೆವಿಎ ಬೇಕು, ಬಿಟ್ಟರೆ 3 ಸಾಕು. ಮೂರು ಜನರ ಮನೆಗೆ 1,000 ಲೀಟರಿನ ಟ್ಯಾಂಕ್ ತುಂಬಿದ್ದರೆ ಹದವಾಗಿ ಬಳಸಿದರೆ ಎರಡು ದಿನ ಬರುತ್ತದೆ. ಆಕಾಶ ಕಪ್ಪಾದಾಗ ಟ್ಯಾಂಕ್ ತುಂಬಿಸುವ ಅಭ್ಯಾಸ ಇದ್ದರೆ ದುಡ್ಡು ಉಳಿಯುತ್ತದೆ. ಆದರೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಗೋವಾದ ಹಲವು ಹಳ್ಳಿಗಳಲ್ಲಿ ಕರೆಂಟು ದಿನಗಟ್ಟಲೆ ಬರಲಿಲ್ಲ. ಅಂಥ ಹೊತ್ತಿನಲ್ಲಿ ಬಾವಿ ತುಂಬ ನೀರಿದ್ದೂ ಕೊಡದಲ್ಲಿ ಸೇದುವ ವಯಸ್ಸು ನಿಮ್ಮದಲ್ಲ. ನಾನಾದರೆ 5 ಕೆವಿಎ ಕಡೆಗೆ ವಾಲುತ್ತೇನೆ. ಏಸಿಯನ್ನು ಅದಕ್ಕೆ ಕಟ್ಟುವುದಿಲ್ಲ ಎಂಬ ಕರಾರಿನ ಮೇಲೆ.

ಆದರೆ ಒಂದು ನಿಮಿಷವೂ ನಿಲ್ಲಬಾರದ ಯಂತ್ರವನ್ನು ಜನರೇಟರ್ ಭರವಸೆಗೆ ಬಿಡಬಾರದು. ತಾನಾಗಿ ಸ್ಟಾರ್ಟ್ ಆಗುವ ಪ್ಯಾನೆಲ್ ಇದ್ದರೂ ಕರೆಂಟು ಹೋಗಿ ಎಂಜಿನ್ ಹಿಡಿದು ಲೋಡಿಗೆ ಬರುವ ತನಕ ಕೆಲವು ಸೆಕೆಂಡು ಕತ್ತಲೆ. ಕಾನ್ಸನ್‌ಟ್ರೇಟರ್ ನಿಂತು ಮತ್ತೆ ಶುರುವಾದರೆ ಪೂರ್ತಿ ಶುದ್ಧ ಆಕ್ಸಿಜನ್ ಕೊಡಲು ಮತ್ತೆ ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಎಂಜಿನ್ ಸ್ಟಾರ್ಟೇ ಆಗದಿದ್ದರೆ? ತಿಂಗಳುಗಟ್ಟಲೆ ಸುಮ್ಮನೆ ನಿಂತ ಸೆಟ್ಟಿನಲ್ಲಿ ಮೊದಲು ಸಾಯುವುದು ಅದರ ಸ್ಟಾರ್ಟಿಂಗ್ ಬ್ಯಾಟರಿ. ಆದ್ದರಿಂದ ಅವ್ವನ ಯಂತ್ರಕ್ಕೆ ಪ್ಯೂರ್ ಸೈನ್‌ವೇವ್ ಇನ್ವರ್ಟರ್ (ಇಲಾಖೆಯ ಕರೆಂಟಿನಂತೆಯೇ ನಯವಾದ ಕರೆಂಟು ಕೊಡುವಂಥದ್ದು) ಮೊದಲನೆಯದು, ಜನರೇಟರ್ ಎರಡನೆಯದು. ಇವೆರಡರ ಹಿಂದೆ ಒಂದು ಆಕ್ಸಿಜನ್ ಸಿಲಿಂಡರು. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ತಾಸು. ಅದಕ್ಕೆ ಕರೆಂಟು ಬೇಡ, ಎಂಜಿನ್ ಬೇಡ. ರೆಗ್ಯುಲೇಟರ್ ಹಾಕುವುದನ್ನು ಮನೆಯ ಇಬ್ಬರಾದರೂ ಕಲಿತಿರಬೇಕು. ಸಿಲಿಂಡರಿನ ಹತ್ತಿರ ಪೆಟ್ರೋಲ್ ಡಬ್ಬಿ, ದೇವರ ದೀಪ ಯಾವುದೂ ಸುಳಿಯಬಾರದು. ಎಷ್ಟು ಲೀಟರಿಗೆ ಇಡಬೇಕು ಎಂಬುದು ಡಾಕ್ಟರ ಮಾತು, ಅಲ್ಲಿ ನಾನು ಬಾಯಿ ಹಾಕುವುದಿಲ್ಲ.

ಇನ್ವರ್ಟರ್ ಬ್ಯಾಟರಿಯ ಲೆಕ್ಕ ಬೇರೆ. ಎರಡು 150 ಆಂಪಿಯರ್-ಅವರ್ ಟ್ಯೂಬುಲರ್ (ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಸೀಸದ) ಬ್ಯಾಟರಿಯಲ್ಲಿ ಕಾಗದದ ಮೇಲೆ 3.6 ಯೂನಿಟ್ ಇರುತ್ತದೆ. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರಿನಲ್ಲೂ ಸ್ವಲ್ಪ ಸೋರುತ್ತದೆ, ಕೈಗೆ ಸಿಗುವುದು ಎರಡೂವರೆ ಯೂನಿಟ್ಟಿನ ಆಸುಪಾಸು. ಫ್ರಿಜ್ಜನ್ನು ಬಿಟ್ಟು ಯಂತ್ರ, ಫ್ಯಾನು, ದೀಪ ಅಂದರೆ ತಾಸಿಗೆ ಅರ್ಧ ಯೂನಿಟ್, ನಾಲ್ಕೈದು ತಾಸು ಬರುತ್ತದೆ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ನಾಲ್ಕು ತಾಸು ಒಳಗಿನ ತಣ್ಣಗೆ ಹಾಗೇ ಇರುತ್ತದೆ, ಅದನ್ನು ಬ್ಯಾಟರಿಗೆ ಕಟ್ಟುವುದು ದಂಡ. ಟ್ಯೂಬುಲರಿನ ದೊಡ್ಡ ಸಂಕಟ ಮರಳಿ ತುಂಬುವುದರಲ್ಲಿದೆ. ಪೂರ್ತಿ ಚಾರ್ಜಿಗೆ ಎಂಟು ಹತ್ತು ತಾಸು ಬೇಕು. ಎರಡು ತಾಸು ಜನರೇಟರ್ ಓಡಿಸಿದರೆ ಕಾಲು ಭಾಗ ತುಂಬಬಹುದು ಅಷ್ಟೇ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಮೊದಲ ಖರ್ಚು ಹೆಚ್ಚು, ಆದರೆ 5 ಯೂನಿಟ್ ಹಿಡಿಸುವಂಥದ್ದು ನಿಮ್ಮ ರಾತ್ರಿಯ ಲೋಡನ್ನು ಎಂಟೊಂಬತ್ತು ತಾಸು ಎಳೆಯುತ್ತದೆ, ತಕ್ಕ ಚಾರ್ಜರ್ ಇದ್ದರೆ ಮೂರು ನಾಲ್ಕು ತಾಸಿನಲ್ಲಿ ತುಂಬಿಕೊಳ್ಳುತ್ತದೆ. ಹಾಗಾದಾಗ ಸಂಜೆ ಆರರಿಂದ ಹತ್ತರವರೆಗೆ ಜನರೇಟರ್, ರಾತ್ರಿಯೆಲ್ಲ ಬ್ಯಾಟರಿ, ಬೆಳಿಗ್ಗೆ ಮತ್ತೆ ಜನರೇಟರ್. ನಿಮ್ಮ ಮನೆಗೆ ನಾನು ಬರೆದುಕೊಡುವ ಚೀಟಿ ಇದೇ. 10 ಕೆವಿಎ ಡೀಸೆಲ್ಲಿಗೆ ಇಟ್ಟಿರುವ ದುಡ್ಡಿನ ದೊಡ್ಡ ಪಾಲನ್ನು ಬ್ಯಾಟರಿಗೆ ಹಾಕಿ, ಸಣ್ಣ ಪಾಲನ್ನು 5 ಕೆವಿಎ ಪೆಟ್ರೋಲ್ ಸೆಟ್ಟಿಗೆ.

ರಾತ್ರಿ ಎಂಜಿನ್ ನಿಲ್ಲಿಸುವುದಕ್ಕೆ ಇನ್ನೊಂದು ಕಾರಣ ನೆರೆಹೊರೆ. ಡೀಸೆಲ್ ಸೆಟ್ಟಿನ ಡಬ್ಬಿಯಿಂದ ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬಲ್ ಮೀರಬಾರದು ಎಂದು ನಿಯಮವಿದೆ. ಬಯಲಲ್ಲಿ ದೂರ ಎರಡು ಪಟ್ಟಾದಂತೆ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಅಂದರೆ ಎಂಟು ಮೀಟರಿನಲ್ಲಿ 57ರ ಹತ್ತಿರ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಿತಿ 45. ಅಂಗಡಿಯವರ “ಸೈಲೆಂಟ್” ಈ ಗಣಿತದಲ್ಲಿ ಪಾಸಾಗುವುದಿಲ್ಲ. ಚಂಡಮಾರುತದ ರಾತ್ರಿ ಯಾರೂ ಜಗಳಕ್ಕೆ ಬರುವುದಿಲ್ಲ ನಿಜ, ಆದರೆ ನಮ್ಮಲ್ಲಿ ಕರೆಂಟು ಹೋಗುವುದು ಚಂಡಮಾರುತದಲ್ಲಿ ಮಾತ್ರವಲ್ಲವಲ್ಲ. ಡೀಸೆಲ್ಲೇ ಬೇಕೆನ್ನುವವರು 2023ರ ಜುಲೈ 1ರಿಂದ ಜಾರಿಗೆ ಬಂದ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ ನಾಲ್ಕು ಪ್ಲಸ್ ಹೊಗೆ ನಿಯಮಕ್ಕೆ ಒಳಪಟ್ಟ ಸೆಟ್ಟೇ ಕೊಳ್ಳಲಿ. ಅಗ್ಗಕ್ಕೆ ಸಿಗುವ ಹಳೇ ಸ್ಟಾಕು ಅಗ್ಗಕ್ಕೆ ಯಾಕೆ ಸಿಗುತ್ತಿದೆ ಎಂದು ಕೇಳಿ.

ಮಗನ ಸೋಲಾರ್ ಸಲಹೆಗೆ ಬರುತ್ತೇನೆ. ಮನೆಯ ಮಾಳಿಗೆಯ ಸೋಲಾರಿಗೆ ಕೇಂದ್ರ ಸರ್ಕಾರ ತಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇರುವುದು ಹೌದು. ಬಿಲ್ ಇಳಿಸಲು ಒಳ್ಳೆಯ ದಾರಿ. ಆದರೆ ಸಬ್ಸಿಡಿಯಲ್ಲಿ ಎಲ್ಲರೂ ಹಾಕಿಸುವ ಸಾಮಾನ್ಯ ಗ್ರಿಡ್ ಸೋಲಾರ್ (ಇಲಾಖೆಯ ಲೈನಿಗೆ ಜೋಡಿಸಿದ್ದು), ಕರೆಂಟು ಹೋದ ತಕ್ಷಣ ತಾನೂ ನಿಲ್ಲುತ್ತದೆ. ಅದು ದೋಷವಲ್ಲ, ಮೇಲೆ ಹೇಳಿದ ಲೈನ್‌ಮ್ಯಾನ್ ಜೀವ ಉಳಿಸಲು ಹಾಗೆ ಮಾಡಿದ್ದಾರೆ. ಮಟಮಟ ಮಧ್ಯಾಹ್ನ, ಮಾಳಿಗೆ ತುಂಬ ಪ್ಯಾನೆಲ್ಲು, ಕೆಳಗೆ ಫ್ಯಾನಿಲ್ಲ, ಇದನ್ನು ಕಂಡು ಸಿಟ್ಟಾದವರು ಬೇಕಾದಷ್ಟು ಜನ. ಕರೆಂಟಿಲ್ಲದಾಗಲೂ ನಡೆಯಬೇಕಾದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು. ಹೇಗೂ ಲಿಥಿಯಂ ಬ್ಯಾಟರಿ ತರುತ್ತೀರಿ, ಮುಂದೆ ಪ್ಯಾನೆಲ್ ಸೇರಿಸಲು ಬರುವಂಥ ಇನ್ವರ್ಟರನ್ನೇ ಈಗ ತೆಗೆದುಕೊಂಡರೆ ಮಗನ ಮಾತೂ ಉಳಿಯುತ್ತದೆ. ಜೂನ್ ಜುಲೈನ ಮೋಡದಲ್ಲಿ ಮಾತ್ರ ಸೋಲಾರಿನಿಂದ ಹೆಚ್ಚು ನಿರೀಕ್ಷೆ ಬೇಡ. ನಿಮಗೆ ಕರೆಂಟು ಬೇಕಾಗುವುದು ಅದೇ ತಿಂಗಳುಗಳಲ್ಲಿ. ಇನ್ನೊಂದು ಎಚ್ಚರಿಕೆ: ಗ್ರಿಡ್ ಸೋಲಾರ್ ಹಾಕಿಸಿದರೆ ಅದು ಚೇಂಜ್‌ಓವರಿನ ಇಲಾಖೆ ಕಡೆಗೇ ಇರಬೇಕು. ಮನೆ ಕಡೆಗೆ ಬಂದರೆ ಅದು ಜನರೇಟರನ್ನೇ ಇಲಾಖೆಯ ಕರೆಂಟು ಎಂದು ತಿಳಿದು ಅದರೊಳಗೆ ಕರೆಂಟು ನೂಕಲು ಹೋಗುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನೀವೇ ಗಮನಿಸದೆ ಬರೆದ ಒಂದು ವಿಷಯವಿದೆ: ಮೂರು ಫೇಸ್. ನಮ್ಮ ಕಡೆ ಎಷ್ಟೋ ಸಲ ಮೂರೂ ಹೋಗಿರುವುದಿಲ್ಲ, ಮರದ ಕೊಂಬೆ ಒಂದು ತಂತಿಗೆ ತಾಗಿ ಒಂದು ಫೇಸ್ ಹೋಗಿರುತ್ತದೆ. ಒಂದು ತಿಂಗಳು ಕರೆಂಟು ಹೋದಾಗೆಲ್ಲ ಮೀಟರ್ ಬೋರ್ಡಿನ ಮೂರು ಇಂಡಿಕೇಟರ್ ನೋಡಿ ಬರೆದಿಡಿ. ಅರ್ಧಕ್ಕರ್ಧ ಸಲ ಒಂದೇ ಫೇಸ್ ಹೋಗಿದ್ದರೆ, ಮುಖ್ಯ ಲೋಡಿಗೆ ಒಂದು ಫೇಸ್ ಸೆಲೆಕ್ಟರ್ ಸ್ವಿಚ್ (ಕರೆಂಟಿರುವ ಫೇಸಿಗೆ ತಿರುಗಿಸಿಕೊಳ್ಳುವಂಥದ್ದು) ಹಾಕಿಸಿದರೆ ಅಷ್ಟು ಸಲ ಜನರೇಟರ್ ಮುಟ್ಟುವ ಕೆಲಸವೇ ಇಲ್ಲ. ಎಲ್ಲ ಲೋಡನ್ನೂ ಉಳಿದ ಒಂದು ಫೇಸಿಗೆ ಹೇರಬಾರದು ಅಷ್ಟೇ, ವೈರ್ ಬಿಸಿಯಾಗುತ್ತದೆ.

ಅದೇ ಕಾರಣಕ್ಕೆ, ಸಿಂಗಲ್ ಫೇಸ್ ಜನರೇಟರನ್ನು ಇಡೀ ಮನೆಗೆ ಕೊಡಬೇಡಿ. ಮೂರು ಫೇಸುಗಳನ್ನು ಒಟ್ಟಿಗೆ ಕಟ್ಟಿ ಒಂದೇ ಜನರೇಟರಿಗೆ ಕೊಡುವುದನ್ನು ನೋಡಿದ್ದೇನೆ. ಸಾಮಾನ್ಯವಾಗಿ ಮೂರು ಫೇಸಿನ ಕರೆಂಟುಗಳು ನ್ಯೂಟ್ರಲ್‌ನಲ್ಲಿ ಬಹುಪಾಲು ಒಂದನ್ನೊಂದು ಹೊಡೆದುಹಾಕುತ್ತವೆ. ಹೀಗೆ ಕಟ್ಟಿದಾಗ ಮೂರೂ ಕೂಡಿಕೊಂಡು ಒಂದೇ ನ್ಯೂಟ್ರಲ್ ಮೇಲೆ ಬೀಳುತ್ತವೆ, ನ್ಯೂಟ್ರಲ್‌ಗೆ ಫ್ಯೂಸೂ ಇರುವುದಿಲ್ಲ. ಬದಲಿಗೆ ಯಂತ್ರ, ಫ್ರಿಜ್, ಎರಡು ಕೋಣೆಯ ದೀಪ ಫ್ಯಾನು, ಪಂಪು ಇಷ್ಟನ್ನು ಬೇರೆ ಎಮರ್ಜೆನ್ಸಿ ಬೋರ್ಡಿಗೆ ಎಳೆಸಿ, ಆ ಬೋರ್ಡಿಗೆ ಮಾತ್ರ ಚೇಂಜ್‌ಓವರ್ ಕೊಡಿಸಿ. ಗೀಸರ್ ಅಪ್ಪಿತಪ್ಪಿಯೂ ಜನರೇಟರಿಗೆ ಬೀಳುವುದಿಲ್ಲ.

ಅರ್ಥಿಂಗ್ ಬಗ್ಗೆ ಯಾರೂ ಕೇಳುವುದಿಲ್ಲ, ನಾನು ಹೇಳದೆ ಬಿಡುವುದಿಲ್ಲ. ಗೋವಾದ ಕೆಂಪು ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ಒದ್ದೆ, ಏಪ್ರಿಲ್ ಮೇ ಹೊತ್ತಿಗೆ ಒಣಗಿ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಆಗಸ್ಟಿನಲ್ಲಿ ಅಳೆದು “ಚೆನ್ನಾಗಿದೆ” ಅನ್ನುವುದು ಅಳೆದಂತಲ್ಲ. ಮೇ ತಿಂಗಳಲ್ಲಿ ಅರ್ಥ್ ಟೆಸ್ಟರ್ ತಂದು ಅಳೆಯಲು ಹೇಳಿ. ಉದ್ದದ ರಾಡು ಹಾಕಿ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿಸಿದರೆ ಒಳ್ಳೆಯದು. ಜನರೇಟರಿನ ಲೋಹದ ಮೈಗೆ ಎರಡು ಪ್ರತ್ಯೇಕ ಅರ್ಥ್ ಇರಬೇಕು.

ಸಣ್ಣ ಪೆಟ್ರೋಲ್ ಸೆಟ್ಟುಗಳಲ್ಲಿ ನ್ಯೂಟ್ರಲ್ ಸಾಮಾನ್ಯವಾಗಿ ಅರ್ಥ್‌ಗೆ ಸೇರಿರುವುದಿಲ್ಲ. ಆಗ ಒದ್ದೆ ಕೈಯಲ್ಲಿ ಯಾರಾದರೂ ವೈರ್ ಮುಟ್ಟಿದರೂ ನಿಮ್ಮ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳದೇ ಹೋಗಬಹುದು. ಅದರ ಟೆಸ್ಟ್ ಬಟನ್ ಒತ್ತಿದರೆ ಟಪ್ ಅಂತ ಬೀಳುತ್ತದೆ, ನಾವು ನಿಶ್ಚಿಂತರಾಗುತ್ತೇವೆ. ಆ ಬಟನ್ನಿಗೆ ಅರ್ಥ್ ಬೇಕೇ ಇಲ್ಲ, ಅದು ಫೇಸು ನ್ಯೂಟ್ರಲ್ಲಿನ ನಡುವೆಯೇ ಪರೀಕ್ಷೆ ಮುಗಿಸುತ್ತದೆ. ಚೇಂಜ್‌ಓವರ್ ನ್ಯೂಟ್ರಲ್ಲನ್ನೂ ಬದಲಿಸುತ್ತಿದ್ದರೆ, ಜನರೇಟರಿನ ಬಳಿ ಒಂದು ಕಡೆ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಬೇಕು. ಇದನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ಮಾಡಲಿ, ಕಂಪನಿಯ ಕೈಪಿಡಿ ನೋಡಿಕೊಂಡು. “ಇಲ್ಲಿ ನ್ಯೂಟ್ರಲ್ ಎಲ್ಲಿ ಅರ್ಥ್ ಆಗುತ್ತದೆ?” ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ಕರೆಯಿರಿ.

ಕೊಂಡ ಮೇಲೆ ಬರುವ ದೂರು ಒಂದಿದೆ: “ಜನರೇಟರ್ ಓಡ್ತಿದೆ, ಇನ್ವರ್ಟರ್ ಚಾರ್ಜೇ ಆಗ್ತಿಲ್ಲ.” ಸಣ್ಣ ಸೆಟ್ಟಿನ ವೋಲ್ಟೇಜು, ಫ್ರೀಕ್ವೆನ್ಸಿ ಸ್ವಲ್ಪ ಅಲ್ಲಾಡುತ್ತವೆ. ಯುಪಿಎಸ್ ಮೋಡಿನಲ್ಲಿರುವ ಇನ್ವರ್ಟರ್ ಅಂಥ ಕರೆಂಟನ್ನು ಒಪ್ಪುವುದಿಲ್ಲ. ಹಿಂದಿನ ಸ್ವಿಚ್ಚನ್ನು ಸಾಮಾನ್ಯ ಮೋಡಿಗೆ ಹಾಕಿದರೆ ಹೆಚ್ಚಿನವು ಒಪ್ಪುತ್ತವೆ. ಹೈಬ್ರಿಡ್ ಇನ್ವರ್ಟರಾದರೆ ಜನರೇಟರಿಗೆ ಬೇರೆ ಇನ್‌ಪುಟ್ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ವೋಲ್ಟೇಜನ್ನು ತಾನಾಗಿ ಸರಿಯಾಗಿಡುವ ಎವಿಆರ್ ಇರುವ ಸೆಟ್ಟೇ ತನ್ನಿ. ಇನ್ವರ್ಟರ್ ಮಾದರಿಯ ಪೆಟ್ರೋಲ್ ಜನರೇಟರ್ ಇನ್ನೂ ಒಳ್ಳೆಯದು, ಬೆಲೆ ಮಾತ್ರ ಹೆಚ್ಚು.

ಪೆಟ್ರೋಲಿನ ವಿಷಯ ಚುಟುಕಾಗಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಕರಾವಳಿಯ ತೇವದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ಕಾರ್ಬ್ಯುರೇಟರ್ ಅಂಟು ಹಿಡಿಯುತ್ತದೆ. ಓಡಿಸಿ ಮುಗಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬೇಡಿ. ಅಡುಗೆ ಸಿಲಿಂಡರಿನಲ್ಲಿ ಓಡಿಸುವ ಕಿಟ್ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಬೇಡ ಅನ್ನಿ, ಮನೆಯ ಸಿಲಿಂಡರು ಅಡುಗೆಗೆ ಮಾತ್ರ.

ಇದೇ ಅಂಕಣ ಓದುವ ಪುಣೆಯವರಿಗೆ ಒಂದು ಮಾತು: ಗುರುವಾರದ ರಿಪೇರಿ ಕಟ್ ಮೊದಲೇ ಗೊತ್ತಿರುವಂಥದ್ದು, ಅದಕ್ಕೆ ಜನರೇಟರ್ ತರುವುದು ಅತಿಯಾಯಿತು, ಇನ್ವರ್ಟರ್ ಸಾಕು. ಮುಂಬಯಿಯ ಫ್ಲ್ಯಾಟಿನವರು 2020ರ ಅಕ್ಟೋಬರ್ 12ರಂದು ಕರೆಂಟಿಲ್ಲದೆ ನಗರವೆಲ್ಲ ನಿಂತದ್ದನ್ನು ನೆನೆದು ಬಾಲ್ಕನಿಗೆ ಪೋರ್ಟಬಲ್ ಸೆಟ್ ತರುವ ಯೋಚನೆ ಮಾಡಬೇಡಿ. ಸೊಸೈಟಿಯ ಡೀಸೆಲ್ ಜನರೇಟರಿನಿಂದ ನಿಮ್ಮ ಫ್ಲ್ಯಾಟಿಗೆ ಒಂದು ಪಾಯಿಂಟ್ ಕೊಡುತ್ತಾರೆಯೇ ಕೇಳಿ.

ನಿಮ್ಮ ಕೆಲಸದ ಸರದಿ ಹೀಗಿರಲಿ. ಈ ವಾರವೇ ಸಿಲಿಂಡರ್ ಮತ್ತು ರೆಗ್ಯುಲೇಟರ್. ನಂತರ ಎಮರ್ಜೆನ್ಸಿ ಬೋರ್ಡು, ಅರ್ಥಿಂಗ್, ಚೇಂಜ್‌ಓವರ್. ಆಮೇಲೆ ಇನ್ವರ್ಟರ್ ಬ್ಯಾಟರಿ, ಕೊನೆಗೆ ಜನರೇಟರ್. ಪಂಪನ್ನು ಸ್ಟಾರ್ಟ್ ಮಾಡಿ ತೋರಿಸದೆ ಪೂರ್ತಿ ಹಣ ಕೊಡಬೇಡಿ. ಅದಾದ ಮೇಲೆ ತಿಂಗಳಿಗೊಮ್ಮೆ ಅರ್ಧ ತಾಸು, ಫ್ರಿಜ್ಜು ಪಂಪು ಹಾಕಿಯೇ ಓಡಿಸಿ. ಖಾಲಿ ಓಡಿಸಿದರೆ ಪರೀಕ್ಷೆಯಾಗದು. ಆಯಿಲ್ ಮೊದಲ ಸಲ ಕೈಪಿಡಿ ಹೇಳಿದಷ್ಟು ತಾಸಿಗೆ ಬದಲಿಸಿ, ಆಮೇಲೆ ಓಡಲಿ ಬಿಡಲಿ ವರ್ಷಕ್ಕೊಮ್ಮೆ. ಮೇ ಕೊನೆಗೆ, ಮಳೆ ಬರುವ ಮುನ್ನ, ಯಾರಾದರೂ ಮನೆಗೆ ಬಂದಿರುವ ಒಂದು ಸಂಜೆ ಬೇಕೆಂದೇ ಮೇನ್ ಆಫ್ ಮಾಡಿ. ಸಿಲಿಂಡರ್ ಅವ್ವನ ಮಂಚದ ಪಕ್ಕ ಸಿದ್ಧವಿರಲಿ. ಬೆಳಗಿನವರೆಗೆ ಬ್ಯಾಟರಿ ಎಷ್ಟು ಹೊತ್ತು ಬಂತು, ಜನರೇಟರ್ ಎಷ್ಟು ಲೀಟರ್ ಕುಡಿಯಿತು, ನಿಮ್ಮ ಮನೆಯವರಿಗೆ ಹಗ್ಗ ಎಳೆದು ಸ್ಟಾರ್ಟ್ ಮಾಡಲು ಬಂತೋ ಇಲ್ಲವೋ ಬರೆದುಕೊಳ್ಳಿ. ಬರಲಿಲ್ಲವಾದರೆ ಸೆಲ್ಫ್ ಸ್ಟಾರ್ಟ್ ಇರುವ ಸೆಟ್ಟಿಗೆ ಬದಲಿಸಿಕೊಡುತ್ತಾರೆಯೇ ಎಂದು ಕೊಳ್ಳುವ ದಿನವೇ ಅಂಗಡಿಯವರಿಂದ ಬರೆಸಿಕೊಂಡಿರಿ.